60ನೆಯ ಪುಟದಲ್ಲಿ ನಿಂತ ಕಾದಂಬರಿ

ಪ್ರಶ್ನೆ: ನಾನು ಕಾಪು ಸಮೀಪದ ಹಳ್ಳಿಯವನು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ನಾಲ್ಕು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಿ, ಡಿಕ್ಲರೇಶನ್ ಕೊಟ್ಟು ಸಿಕ್ಕಿದ ಒಂದೂವರೆ ಎಕರೆ ಗದ್ದೆ, ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿ ಪಾಲು ಕೇಳುವ ಸೋದರಮಾವ, ಇಷ್ಟು ಕತೆ. ಮಾವ ಬಂದು ಜಗಲಿಯಲ್ಲಿ ಕುಳಿತಲ್ಲಿಗೆ, ಅಂದರೆ 60ನೆಯ ಪುಟಕ್ಕೆ, ಬರವಣಿಗೆ ನಿಂತುಹೋಯಿತು. ಮತ್ತೆ ಸ್ಫೂರ್ತಿ ಬರಲೇ ಇಲ್ಲ. ದೊಡ್ಡ ಕಾದಂಬರಿಕಾರರಿಗೆ ಸ್ಫೂರ್ತಿ ಎಲ್ಲಿಂದ ಸಿಗುತ್ತದೆ? ಅವರು ದಿನವೂ ಬರೆಯುತ್ತಾರೆಯೇ? ಮನೆಮಾತು ತುಳುವಾಗಿರುವ ನನ್ನಂಥವನಿಂದ ಕನ್ನಡದಲ್ಲಿ ಕಾದಂಬರಿ ಸಾಧ್ಯವೇ?

ಉತ್ತರ: ಪತ್ರದ ಜೊತೆಗೆ ನೀವು ಕಳುಹಿಸಿದ 60 ಪುಟಗಳನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು, ಎಲ್ಲೆಲ್ಲಿ ನನ್ನ ಕಣ್ಣು ತಾನಾಗಿ ನಿಧಾನವಾಯಿತೋ ಅಲ್ಲಲ್ಲಿ ಅಂಚಿನಲ್ಲಿ ಒಂದು ಗೆರೆ ಎಳೆದೆ. ತಾಯಿ ನೆನೆಸಿದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸುವುದು, ಇಪ್ಪತ್ತೈದರ ಕಟ್ಟು ಕಟ್ಟುವಾಗ ಮಗಳ ಕೈಯಲ್ಲಿ ಎಣಿಸುವುದು, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೊತ್ತಾಯಿತೆಂದು ಗಂಜಿಯ ಬಟ್ಟಲನ್ನು ಹಾಗೆಯೇ ಮುಚ್ಚಿಟ್ಟು ಓಡುವುದು, ಈ ಭಾಗಗಳಲ್ಲೆಲ್ಲ ಗೆರೆಗಳು ಒತ್ತೊತ್ತಾಗಿ ಬಿದ್ದಿವೆ. 57ನೆಯ ಪುಟದ ಅನಂತರ ಒಂದು ಗೆರೆಯೂ ಇಲ್ಲ. ಅಲ್ಲಿ ಮಾವ ಬಾಯಿ ತೆರೆಯುತ್ತಾನೆ. ರಕ್ತಸಂಬಂಧ, ಮಣ್ಣಿನ ಋಣ, ಕಾಲದ ಓಟ ಎಂದೆಲ್ಲ ಮೂರು ಪುಟ ಮಾತನಾಡುತ್ತಾನೆ. ಆದರೆ ಅವನು ಯಾವ ಹಕ್ಕಿನಿಂದ ಪಾಲು ಕೇಳುತ್ತಿದ್ದಾನೆ ಎಂಬುದನ್ನು ಎಲ್ಲಿಯೂ ಹೇಳುವುದಿಲ್ಲ. ಅದು ನಿಮಗೂ ತಿಳಿದಿಲ್ಲ ಎಂದು ನನಗೆ ಅನಿಸಿತು. ನಿಮಗೆ ತಿಳಿದಿದ್ದ ಬದುಕು 57ನೆಯ ಪುಟಕ್ಕೆ ಮುಗಿಯಿತು. ಅದನ್ನು ನೀವು ಸ್ಫೂರ್ತಿ ಮುಗಿಯಿತೆಂದು ಭಾವಿಸಿ ನಾಲ್ಕು ವರ್ಷ, ಉಡುಪಿಯ ಮಠಗಳ ಎರಡು ವರ್ಷಕ್ಕೊಮ್ಮೆಯ ಪೂಜೆಯ ಸರದಿಯ ಲೆಕ್ಕದಲ್ಲಿ ಎರಡು ಪರ್ಯಾಯಗಳಷ್ಟು ಕಾಲ, ಕಾದಿದ್ದೀರಿ.

ಆದ್ದರಿಂದ ಮೊದಲು ಆ ಗದ್ದೆಯ ವಿಚಾರವನ್ನೇ ನೋಡೋಣ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಿತ್ತು. ನಮ್ಮ ಕಡೆ ಅದನ್ನೇ ಡಿಕ್ಲರೇಶನ್ ಕೊಡುವುದು ಎನ್ನುತ್ತಾರೆ. ಅವಧಿ ವಿಸ್ತರಣೆಯಾಗಿ 1979ರ ಜೂನ್ 30ರವರೆಗೂ ಅರ್ಜಿ ಕೊಡಲು ಅವಕಾಶವಿತ್ತು. ಭೂನ್ಯಾಯ ಮಂಡಳಿಯ ಮುಂದೆ ವಿಚಾರಣೆಯಾಗಿ, ಅಧಿಭೋಗದ ಹಕ್ಕು, ಅಂದರೆ ಗೇಣಿದಾರನಿಗೆ ಜಮೀನಿನ ಒಡೆತನ, ಮಂಜೂರಾದ ಮೇಲೆ 15 ವರ್ಷ ಆ ಜಮೀನನ್ನು ಮಾರುವಂತಿರಲಿಲ್ಲ, ಆದರೆ ಕುಟುಂಬದವರು ತಮ್ಮೊಳಗೆ ಪಾಲು ಮಾಡಿಕೊಳ್ಳಬಹುದಿತ್ತು. ಈಗ ನಿಮ್ಮ ಕತೆಯ ಮನೆಯಲ್ಲಿ ಆ ಅರ್ಜಿಯ ಮೇಲೆ ಯಾರ ಹೆಸರಿತ್ತು? ತಾಯಿಯ ಗಂಡ ತಾನೇ ಗೇಣಿದಾರನೆಂದು ಅರ್ಜಿ ಕೊಟ್ಟಿದ್ದರೆ ಮುಂಬಯಿಯ ಮಾವನಿಗೆ ಆ ಗದ್ದೆಯಲ್ಲಿ ಕಾಲಿಡಲೂ ಹಕ್ಕಿಲ್ಲ. ಅವನು ಕೇಳುತ್ತಿರುವುದು ಬರಿಯ ದಾಕ್ಷಿಣ್ಯವನ್ನು. ಗೇಣಿ ಅಜ್ಜಿಯ ಕಾಲದ್ದಾಗಿದ್ದು, ಮನೆ ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನದ್ದಾಗಿದ್ದು, ಅರ್ಜಿಯನ್ನು ಕುಟುಂಬದ ಪರವಾಗಿ ಕೊಟ್ಟಿದ್ದರೆ ಕತೆಯೇ ಬೇರೆಯಾಗುತ್ತದೆ. ಅಲ್ಲಿ ಮಾವನೂ ಅದೇ ಅಜ್ಜಿಯ ಮಗ, ಅಕ್ಕನಷ್ಟೇ ಹಕ್ಕುದಾರ. ಅವನು ಮೂವತ್ತು ವರ್ಷ ಕಳುಹಿಸಿದ ಮನಿ ಆರ್ಡರುಗಳ ಚೀಟಿಗಳನ್ನು ತಂದಿರಬಹುದು. ಅಕ್ಕ ಆ ದುಡ್ಡಿನಲ್ಲಿ ಬಾವಿ ಕಟ್ಟಿಸಿರಬಹುದು. ಇನ್ನೂ ಒಂದು ಸಾಧ್ಯತೆಯಿದೆ: ಅರ್ಜಿಯಲ್ಲಿ ಅವನ ಹೆಸರೇ ಇದ್ದು, ಅವನು ಊರಲ್ಲಿಲ್ಲದ ಕಾರಣ ಮಂಡಳಿಯ ಮುಂದೆ ಹಾಜರಾಗಿ, ಬೀಡಿಯ ಒಂದು ದಿನದ ಸಂಬಳ ಬಿಟ್ಟು, ಹೇಳಿಕೆ ಕೊಟ್ಟು ಬಂದವಳು ಅಕ್ಕ.

ಈ ಮೂರರಲ್ಲಿ ಒಂದನ್ನು ನೀವು ತೀರ್ಮಾನಿಸಿದ ಕ್ಷಣದಲ್ಲಿ ಮಾವನ ಮಾತು ಬದಲಾಗುತ್ತದೆ. ಅವನು ಜಗಲಿಯಲ್ಲಿ ಕುಳಿತುಕೊಳ್ಳುವ ರೀತಿ ಬದಲಾಗುತ್ತದೆ. ಹಕ್ಕಿರುವವನು ಒಳಗೆ ಬಂದು ಕುಳಿತಾನು, ಹಕ್ಕಿಲ್ಲದವನು ಚಪ್ಪಲಿ ಕಳಚಿ ಅಂಗಳದಲ್ಲಿಯೇ ತುಸು ಹೊತ್ತು ನಿಂತಾನು. ನಾನು ಸ್ಫೂರ್ತಿ ಎಂದು ಕರೆಯುವುದು ಇದನ್ನೇ. ಒಂದು ಸಂಗತಿ ಹೇಗೆ ನಡೆಯುತ್ತದೆ ಎಂಬುದು ಸಂಪೂರ್ಣವಾಗಿ ತಿಳಿದಾಗ ಪಾತ್ರಗಳು ನಮ್ಮನ್ನು ಕೇಳದೆ ಚಲಿಸತೊಡಗುತ್ತವೆ.

ನನಗೆ ಇದನ್ನು ಕಲಿಸಿದ್ದು ಒಂದು ಅಕ್ಕಿಮುಡಿ. ನನ್ನ ಎರಡನೆಯ ಕಾದಂಬರಿಯಲ್ಲಿ ಒಕ್ಕಲಿನವನೊಬ್ಬ ಧಣಿಗಳ ಮನೆಗೆ ಗೇಣಿ ಅಕ್ಕಿ ತರುವ ಸನ್ನಿವೇಶವಿತ್ತು. ‘ಅವನು ಮುಡಿಯನ್ನು ಇಳಿಸಿ ಬೆವರು ಒರೆಸಿಕೊಂಡನು’ ಎಂದು ಬರೆದೆ. ಮುಂದಿನ ವಾಕ್ಯ ಐದು ತಿಂಗಳು ಬರಲಿಲ್ಲ. ಕೊನೆಗೆ ಕಾರ್ಕಳ ಕಡೆಯ ಒಂದು ಹಳ್ಳಿಯಲ್ಲಿ ಮುಡಿ ಕಟ್ಟಲು ಬರುವ ಅಜ್ಜನೊಬ್ಬನಿದ್ದಾನೆಂದು ತಿಳಿದು ಒಂದು ಭಾನುವಾರ ಹೋದೆ. ಅವನು ಅಂಗಳದಲ್ಲಿ ಬೈಹುಲ್ಲನ್ನು ಸುತ್ತಲೂ ಕದಿರು ಚೆಲ್ಲಿದಂತೆ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನೆಲ್ಲ ಮೇಲಕ್ಕೆತ್ತಿ ಜುಟ್ಟು ಹಿಡಿದಂತೆ ತಿರುಚಿದ. ಆಮೇಲೆ ಬೈಹುಲ್ಲಿನದೇ ಹಗ್ಗವನ್ನು ಸುತ್ತುತ್ತ, ಮರದ ತುಂಡಿನಿಂದ ಬಡಿಯುತ್ತ, ಮುಡಿಯನ್ನು ಉರುಳಿಸುತ್ತ, ಮತ್ತೆ ಸುತ್ತುತ್ತ ಸುಮಾರು ಮುಕ್ಕಾಲು ಗಂಟೆ ದುಡಿದ. ಕೊನೆಗೆ ಅದು ಎಷ್ಟು ಗಟ್ಟಿಯಾಯಿತೆಂದರೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಮರವನ್ನು ತಟ್ಟಿದ ಸದ್ದು ಬರುತ್ತಿತ್ತು. ಉಸಿರು ಸುಧಾರಿಸಿಕೊಂಡು ಅವನು ಹೇಳಿದ: “ಟೀಚರೇ, ಗೇಣಿಯ ಮುಡಿಯನ್ನು ನನ್ನ ಅಪ್ಪ ಇದಕ್ಕಿಂತಲೂ ಬಿಗಿಯಾಗಿ ಕಟ್ಟುತ್ತಿದ್ದರು. ಸ್ವಲ್ಪ ಸಡಿಲವಾದರೂ ಅಳತೆ ಕಡಿಮೆಯೆಂದು ಧಣಿಗಳ ಮನೆಯಲ್ಲಿ ಬಿಚ್ಚಿ ಅಳೆಯುತ್ತಿದ್ದರು. ಬಿಚ್ಚಿದ ಮುಡಿಯನ್ನು ಮತ್ತೆ ಕಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ನಮ್ಮ ಮನೆಗೆ ಉಳಿದ ಅಕ್ಕಿಯನ್ನು ಕಟ್ಟುವುದೇ ಇರಲಿಲ್ಲ, ಕಟ್ಟುವಷ್ಟು ಉಳಿಯುತ್ತಿರಲಿಲ್ಲ.”

ಮನೆಗೆ ಮರಳುವಾಗ ಬಸ್ಸಿನಲ್ಲಿಯೇ ನನ್ನ ಆ ಅಧ್ಯಾಯ ಮುಗಿದಿತ್ತು. ಧಣಿಗಳ ಮನೆಯ ಪಾರುಪತ್ಯಗಾರ ಮುಡಿಯನ್ನು ಬೆರಳಿನಿಂದ ತಟ್ಟುತ್ತಾನೆ, ಒಕ್ಕಲಿನವನು ಆ ಸದ್ದನ್ನು ಕೇಳುತ್ತ ನಿಂತಿರುತ್ತಾನೆ. ಒಂದೂ ಮಾತಿಲ್ಲ. ಬೆವರು ಒರೆಸಿಕೊಂಡ ವಾಕ್ಯವನ್ನು ಹೊಡೆದುಹಾಕಿದೆ.

ಕರಾವಳಿಯ ದೊಡ್ಡ ಕಾದಂಬರಿಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲಸಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನಿಂತಿರುವುದು ಒಂದೇ ಒಂದು ನಿಯಮದ ಮೇಲೆ. ಮೂರು ಸಲ ತಲಾಖ್ ಆದ ಹೆಂಡತಿಯನ್ನು ಗಂಡ ಮತ್ತೆ ಮದುವೆಯಾಗಬೇಕಿದ್ದರೆ ಅವಳು ನಡುವೆ ಇನ್ನೊಬ್ಬನ ಹೆಂಡತಿಯಾಗಿ ಅವನಿಂದ ಬಿಡುಗಡೆ ಪಡೆದಿರಬೇಕು. ಈ ನಿಯಮ ಒಂದು ಮನೆಯ ಅಡುಗೆಕೋಣೆಯವರೆಗೆ ಬಂದಾಗ ಏನಾಗುತ್ತದೆ, ತಂದೆ ಏನು ಮಾಡುತ್ತಾನೆ, ತಾಯಿ ಏಕೆ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂಬುದನ್ನು ಲೇಖಕಿ ಬಲ್ಲವರಾಗಿದ್ದರು. ಅಲ್ಲಿ ನಾದಿರಾಳ ದುರಂತವನ್ನು ಲೇಖಕಿ ಮೇಲಿನಿಂದ ತಂದು ಹೇರಿದಂತೆ ಎಲ್ಲಿಯೂ ಕಾಣುವುದಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮೂರು ತಲೆಮಾರುಗಳ ಕತೆಯೆಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮೊದಲು ಪಾರೋತಿ ಮತ್ತು ಸರಸೋತಿಯರ ದುಡಿಮೆಯ ಕತೆ. ಕಡಲಿಗೂ ಹೊಳೆಗೂ ನಡುವೆ ಇರುವ ಆ ಮರಳು ನೆಲದಲ್ಲಿ ಇಬ್ಬರು ಹೆಂಗಸರು ಒಂದು ಮನೆಯನ್ನು ಹೊತ್ತು ನಿಲ್ಲಿಸುವ ಬಗೆಯನ್ನು ಅಷ್ಟು ವಿವರವಾಗಿ ಬರೆಯಲು, 1902ರಲ್ಲಿ ಅದೇ ಸೀಮೆಯ ಕೋಟದಲ್ಲಿ ಹುಟ್ಟಿದರೆ ಮಾತ್ರ ಸಾಲದು, ಕಣ್ಣಿಟ್ಟು ನೋಡಿರಬೇಕು. 45ಕ್ಕೂ ಹೆಚ್ಚು ಕಾದಂಬರಿ ಬರೆದ ಕಾರಂತರು ಅದರ ನಡುವೆ ಯಕ್ಷಗಾನದ ಸಂಶೋಧನೆ ಮಾಡಿದರು, ಮಕ್ಕಳಿಗಾಗಿ ವಿಶ್ವಕೋಶ ಬರೆದರು, ಪುತ್ತೂರಿನಲ್ಲಿ ಮಕ್ಕಳ ಜೊತೆ ನಾಟಕವಾಡಿದರು. ಇವೆಲ್ಲ ಬರವಣಿಗೆಗೆ ಅಡ್ಡಿಯಾದವೆಂದು ಭಾವಿಸುವವರಿದ್ದಾರೆ. ಆ ಕಾದಂಬರಿಗಳಿಗೆ ಸರಕು ಬಂದದ್ದೇ ಆ ದಾರಿಗಳಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಾಲದ ಅಂತರವೂ ಕೆಲಸ ಮಾಡುತ್ತದೆ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ರೈತರ ಹೋರಾಟ ನಡೆದದ್ದು 1941ರಲ್ಲಿ, ನಾಲ್ವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚ್ 29ರಂದು, ಅದನ್ನು ಕುರಿತ ನಿರಂಜನರ ‘ಚಿರಸ್ಮರಣೆ’ ಬಂದದ್ದು 1955ರಲ್ಲಿ. ನಿಮ್ಮ ನಾಲ್ಕು ವರ್ಷಗಳನ್ನು ಕಳೆದುಹೋದವೆಂದು ಎಣಿಸಬೇಡಿ.

ಸ್ಫೂರ್ತಿ ಎಂಬುದು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದನ್ನು ಕಣ್ಣಾರೆ ಕಾಣಬೇಕೆಂದರೆ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರ ಸಿರಿ ಪಾಡ್ದನದ, ಅಂದರೆ ಸಿರಿ ಎಂಬವಳ ಕತೆ ಹೇಳುವ ತುಳು ಹಾಡಿನ, ಸಂಗತಿಯನ್ನು ನೋಡಿ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರೂ ನಮ್ಮವರೇ ಆದ ಜಾನಪದ ವಿದ್ವಾಂಸರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರೂ ಕುಳಿತು ಕೇಳುತ್ತಿದ್ದಾಗ, ಓದು ಬರಹದ ಆಸರೆಯಿಲ್ಲದ ಆ ಕೃಷಿಕರು ದಿನಗಟ್ಟಲೆ ಹಾಡಿ 15,683 ಸಾಲುಗಳ ಮಹಾಕಾವ್ಯವನ್ನು ಕಟ್ಟಿಕೊಟ್ಟರು. ನಾಟಿಯ ಗದ್ದೆಯಲ್ಲಿ ಅಷ್ಟನ್ನು ಯಾರೂ ಹಾಡುವುದಿಲ್ಲ. ಅಲ್ಲಿ ಹಾಡು ಕೆಲಸದ ಹೊತ್ತಿಗೆ ತಕ್ಕಂತೆ ಚಿಕ್ಕದಾಗುತ್ತದೆ, ತುಂಡಾಗುತ್ತದೆ. ಕೇಳುವವರು ಬಿಡುವು ಮಾಡಿಕೊಂಡು ಎದುರಿಗೆ ಕುಳಿತಾಗ, ವರ್ಷಗಳಿಂದ ಮನಸ್ಸಿನೊಳಗೆ ಕೂಡುತ್ತ ಬಂದಿದ್ದ ಅಷ್ಟೂ ಹೊರಬಂತು. ಹೊಂಕೊ ಅದಕ್ಕೆ ಮನಸ್ಸಿನೊಳಗಿನ ಪಠ್ಯ ಎಂಬ ಅರ್ಥದ ಹೆಸರು ಕೊಟ್ಟರು. ಆ ಹಾಡುಗಾರರಿಗೆ ಸಿರಿ ಏನು ತೊಟ್ಟಿದ್ದಳು, ಯಾವ ದಾರಿಯಲ್ಲಿ ನಡೆದಳು, ಯಾರ ಮನೆಯಲ್ಲಿ ನೀರು ಕೇಳಿದಳು ಎಂಬುದೆಲ್ಲ ತಿಳಿದಿತ್ತು. ತಿಳಿದಿದ್ದರಿಂದ ಹಾಡು ನಿಲ್ಲಲಿಲ್ಲ. ಒಳಗೆ ಕೂಡಿರದಿದ್ದರೆ ಎಷ್ಟು ಬಿಡುವಿದ್ದರೂ ಏನು ಬಂದೀತು?

ಮಾವನ ಮಾತಿಗೆ ಮತ್ತೆ ಬರುತ್ತೇನೆ. ಅವನ ಮೂರು ಪುಟಗಳ ಭಾಷಣದಲ್ಲಿ ಇನ್ನೊಂದು ಕೊರತೆಯಿದೆ. ನೀವು ತಾಯಿಯ ಪಕ್ಷ ವಹಿಸಿಬಿಟ್ಟಿದ್ದೀರಿ. ಮಾವ ಸೋಲಲೆಂದೇ ಮಾತನಾಡುತ್ತಿದ್ದಾನೆ. ಇದಕ್ಕೆ ನಮ್ಮ ನೆಲದಲ್ಲಿಯೇ ಒಂದು ಪಾಠಶಾಲೆಯಿದೆ, ಅದು ಯಕ್ಷಗಾನದ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಬರಿಯ ಮಾತಿನಿಂದ ಪಾತ್ರವನ್ನು ಎದ್ದು ನಿಲ್ಲಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೌರವನಾಗಿಯೋ ವಾಲಿಯಾಗಿಯೋ ಕುಳಿತಾಗ, ಕತೆಯ ಕೊನೆ ಏನೆಂದು ಎಲ್ಲರಿಗೂ ಗೊತ್ತಿದ್ದರೂ, ಆ ಒಂದು ಗಂಟೆ ಕಾಲ ಸಭೆಗೆ ಕೌರವನದೇ ಸರಿಯೆಂದು ತೋರಬೇಕು. ಎದುರಿನ ಅರ್ಥಧಾರಿಯೂ ಅದಕ್ಕೆ ತಕ್ಕ ಉತ್ತರ ಕೊಡಲು ಬೆವರಬೇಕು. ಹಾಗಾಗದಿದ್ದರೆ ಪ್ರಸಂಗ ಬಿದ್ದುಹೋಗುತ್ತದೆ. ನೀವು ಒಂದು ದಿನ ಮಾವನ ಅರ್ಥ ಹೇಳಿ. ಕೋಣೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿಯೇ ಹೇಳಿ, ತುಳುವಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಹದಿನಾಲ್ಕನೆಯ ವಯಸ್ಸಿನಲ್ಲಿ ಬಸ್ಸು ಹತ್ತಿದವನು, ಟೇಬಲ್ ಒರೆಸಿದವನು, ಹೋಟೆಲಿನ ಹಿಂಬದಿಯ ಮಾಳಿಗೆಯಲ್ಲಿ ಹತ್ತು ಜನರ ನಡುವೆ ಮಲಗಿದವನು, ಊರಿನ ಕೋಲಕ್ಕೆಂದು ವರ್ಷಕ್ಕೊಮ್ಮೆ ಬಂದು ಎಲ್ಲರಿಗೂ ಬಟ್ಟೆ ಹಂಚಿ ಸಾಲದಲ್ಲಿ ಮರಳಿದವನು ತನ್ನ ನ್ಯಾಯವನ್ನು ಹೇಗೆ ಮಂಡಿಸುತ್ತಾನೆ ಎಂಬುದನ್ನು ಕೇಳಿಸಿಕೊಂಡು ಬರೆದುಕೊಳ್ಳಿ. ನಿಮ್ಮ ತಾಯಿಯ ಪಾತ್ರಕ್ಕೆ ಉತ್ತರ ಹೊಳೆಯದಷ್ಟು ಬಲವಾಗಿ ಅವನು ಮಾತನಾಡಬೇಕು.

ಇದೇ ನಿಮ್ಮ ಮೂರನೆಯ ಪ್ರಶ್ನೆಗೂ ದಾರಿಯಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸುವ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದಿತು. ಅದನ್ನು ಬರೆದ ಗುಲ್ವಾಡಿ ವೆಂಕಟರಾಯರು ಸಾರಸ್ವತರು, ಅವರ ಮನೆಮಾತು ಕೊಂಕಣಿ. ಅಂದಿನಿಂದ ಇಂದಿನವರೆಗೆ ಈ ಕರಾವಳಿಯಲ್ಲಿ ಕನ್ನಡದ ಕತೆ ಕಾದಂಬರಿಗಳನ್ನು ಬರೆದ ಎಷ್ಟೋ ಜನ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಆಡಿದವರು. ಮನೆಮಾತು ಕನ್ನಡವೇ ಆಗಿದ್ದ ವೈದೇಹಿಯವರೂ ಪುಸ್ತಕದ ಕನ್ನಡವನ್ನು ಪಕ್ಕಕ್ಕಿಟ್ಟು ಕುಂದಾಪುರದ ಮಾತನ್ನು ಪಾತ್ರಗಳ ಬಾಯಿಗೆ ಕೊಟ್ಟಿದ್ದಾರೆ. ಎರಡು ಭಾಷೆಗಳ ನಡುವೆ ಓಡಾಡುವವನಿಗೆ ಪ್ರತಿಯೊಂದು ಪದವನ್ನೂ ತೂಗಿ ನೋಡುವ ಅಭ್ಯಾಸ ತಾನಾಗಿ ಬಂದಿರುತ್ತದೆ, ಅದು ಬಂಡವಾಳ. ನಿಮ್ಮ ಹಸ್ತಪ್ರತಿಯಲ್ಲಿ ‘ಗದ್ದೆಯ ಅಂಚಿನ ಬದು’ ಎಂದು ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿದ್ದದ್ದು ಕಟ್ಟಪುಣಿ. ಹಾಗೆಯೇ ಬರೆಯಿರಿ. ಎರಡು ವಾಕ್ಯಗಳ ಮುಂದೆ ಯಾರೋ ಅದರ ಮೇಲೆ ಸಮತೋಲ ತಪ್ಪದಂತೆ ನಡೆದು ಬಂದರೆ ಧಾರವಾಡದ ಓದುಗನಿಗೂ ಅರ್ಥವಾಗುತ್ತದೆ, ಅಡಿಟಿಪ್ಪಣಿ ಬೇಡ. ಆದರೆ ಎಲ್ಲ ಸಂಭಾಷಣೆಯನ್ನೂ ತುಳುವಿನಲ್ಲಿ ಬರೆದು ಕೆಳಗೆ ಕನ್ನಡ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದರಿಂದ ಓದುಗನ ಕಣ್ಣು ಮೇಲೆ ಕೆಳಗೆ ಓಡಾಡಿ ಮಾತಿನ ಬಿಸಿ ಆರಿಹೋಗುತ್ತದೆ. ತುಳುವಿನಲ್ಲಿ ಯೋಚಿಸಿ, ಅದರ ಏರಿಳಿತವನ್ನು ಉಳಿಸಿಕೊಂಡು ಕನ್ನಡದಲ್ಲಿ ಬರೆಯಿರಿ. ಪೂರ್ತಿಯಾಗಿ ತುಳುವಿನಲ್ಲಿಯೇ ಬರೆಯುವ ಆಸೆಯಾದರೆ ಆ ದಾರಿಯೂ 1936ರಿಂದ, ಪಣಿಯಾಡಿಯವರು ಮೊದಲ ತುಳು ಕಾದಂಬರಿ ಬರೆದಂದಿನಿಂದ, ತೆರೆದೇ ಇದೆ.

ದಿನವೂ ಬರೆಯಬೇಕೇ ಎಂದರೆ, ಬರೆಯಬೇಕು. 31 ವರ್ಷ ಉಡುಪಿಯಲ್ಲಿ ಕಾಲೇಜಿನ ಪಾಠ ಮಾಡುತ್ತ ನಾನು ಬರೆದದ್ದು ಐದು ಕಾದಂಬರಿ. ಬರೆಯುವ ಹೊತ್ತು ಬೆಳಗಿನ ನಾಲ್ಕೂವರೆಯಿಂದ ಆರೂವರೆ, ಮನೆಯವರು ಏಳುವ ಮೊದಲು. ದಿನಕ್ಕೆ 150ರಿಂದ 200 ಪದ. ಇದು ಕಡಿಮೆಯೆಂದು ನಿಮಗೆ ಅನಿಸಬಹುದು. ಡೆಮಿ ಆಕಾರದ 200 ಪುಟಗಳ ಕಾದಂಬರಿಯಲ್ಲಿ ಸುಮಾರು 45 ಸಾವಿರ ಪದಗಳಿರುತ್ತವೆ. ನನ್ನ ಲೆಕ್ಕದಲ್ಲಿ ಒಂಬತ್ತು, ಹತ್ತು ತಿಂಗಳಿಗೆ ಮೊದಲ ಕರಡು ಸಿದ್ಧವಾಗುತ್ತದೆ. ಮೊದಲ ಕಾದಂಬರಿಯನ್ನು ಮಾತ್ರ ನಾನು ಒಂದು ಬೇಸಿಗೆ ರಜೆಯಲ್ಲಿ, ಊಟ ನಿದ್ದೆ ಮರೆತು, ಒಂದೇ ಉಸಿರಿನಲ್ಲಿ ಬರೆದಿದ್ದೆ. ಅದರ ಪಾತ್ರಗಳಿಗೆಲ್ಲ ಮನಸ್ಸಿದೆ, ಕಸುಬಿಲ್ಲ. ಬೆಳಗ್ಗೆ ಎದ್ದು ಅವರು ಏನು ಮಾಡುತ್ತಾರೆಂದು ನನಗೇ ತಿಳಿದಿರಲಿಲ್ಲ. ಅದನ್ನು ಮತ್ತೆ ಅಚ್ಚು ಮಾಡಿಸಲು ನಾನು ಒಪ್ಪಿಲ್ಲ.

ವರ್ಷವನ್ನು ನಾನು ಪತ್ತನಾಜೆಯಿಂದ ಎಣಿಸುತ್ತೇನೆ. ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಮಳೆ ಹಿಡಿಯುತ್ತದೆ. ಜುಲೈ, ಆಗಸ್ಟಿನ ಆಟಿ ತಿಂಗಳಲ್ಲಿ ಹೊರಗೆ ಹೋಗಿ ಮಾಡುವಂಥದ್ದು ಏನೂ ಇರುವುದಿಲ್ಲ, ಕರಡು ಬರೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ದೀಪಾವಳಿಯ ಅನಂತರ ತಿರುಗಾಟ: ಆಟ ನೋಡುವುದು, ನೇಮದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರ ಮಾತು ಕೇಳುವುದು, ಬೇಕಾದ ದಾಖಲೆ ಹುಡುಕುವುದು. ದಾಖಲೆಯೆಂದರೆ ದೊಡ್ಡ ಇತಿಹಾಸವಾಗಬೇಕಿಲ್ಲ. ಹಳೆಯ ಆರ್‌ಟಿಸಿ, ಪಾಲುಪಟ್ಟಿ, ಮದುವೆಯ ಖರ್ಚಿನ ಪುಸ್ತಕ, ಸಂಘದ ಸಾಲದ ಲೆಡ್ಜರು ಸಾಕು. ಕೊನೆಯದಂತೂ ನಿಮ್ಮ ಕೈಯಲ್ಲಿಯೇ ಇದೆ. ಆದರೆ ಯಾರ ಸಾಲವನ್ನೂ ಅವರ ಗುರುತು ಸಿಗುವಂತೆ ಕತೆಗೆ ತರಬೇಡಿ, ಅದು ನಿಮ್ಮ ಕೆಲಸದ ಮರ್ಯಾದೆ. ಪದಗಳಿಗಾಗಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಪ್ರಕಟಿಸಿದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ಆರು ಸಂಪುಟಗಳ ತುಳು ನಿಘಂಟನ್ನು ಪುಟ ತಿರುವಿ ಓದಿ. ಒಂದು ಪದದ ಕೆಳಗೆ ಒಂದು ಮನೆಯ ಕತೆಯೇ ಸಿಗುವುದುಂಟು. ನಾನು ಮಳೆಗಾಲದಲ್ಲಿ ಕೆಲವು ಸಲ ಬರೆಯುವುದನ್ನು ಬಿಟ್ಟು ಅದನ್ನೇ ಓದಿದ್ದೇನೆ.

ಇನ್ನು ನೀವು ಮಾಡಬೇಕಾದ ಕೆಲಸ. 58ರಿಂದ 60ರವರೆಗಿನ ಪುಟಗಳನ್ನು ತೆಗೆದಿಡಿ. ಆ ಡಿಕ್ಲರೇಶನ್ ಯಾರ ಹೆಸರಿನಲ್ಲಿತ್ತೆಂದು ತೀರ್ಮಾನಿಸಿ. ಇನ್ನೊಂದು ಸಂಗತಿಯನ್ನು ನಿಮ್ಮ ಅಮ್ಮನ ಬಳಿ ಕೇಳಿ. ಬ್ರಾಂಚಿನಲ್ಲಿ ಬೀಡಿಯನ್ನು ಪರೀಕ್ಷಿಸಿ ಸರಿಯಿಲ್ಲವೆಂದು ಬೇರೆ ಹಾಕುತ್ತಾರಲ್ಲ, ಹಾಗೆ ಹಾಕುವಾಗ ಆ ಮೇಜಿನ ಮುಂದೆ ಅವರು ಎಲ್ಲಿ ನೋಡುತ್ತಿದ್ದರು, ಆ ದಿನ ಕಡಿಮೆ ಬಿದ್ದ ದುಡ್ಡನ್ನು ಮನೆಯ ಯಾವ ಖರ್ಚಿನಿಂದ ಸರಿದೂಗಿಸಿದರು, ಎಲೆ ಸಾಲದೆ ಬಂದ ವಾರ ಕೈಯಿಂದ ಹಾಕಿ ಎಲೆ ಕೊಂಡದ್ದುಂಟೇ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ, ತುಳುವಿನಲ್ಲಿಯೇ, ಆ ರಾತ್ರಿಯೇ ಬರೆದಿಟ್ಟುಕೊಳ್ಳಿ. ಜಗಲಿಯಲ್ಲಿ ಕುಳಿತ ಮಾವ ತನ್ನ ಪಾಲಿನ ಲೆಕ್ಕ ಹೇಳುತ್ತಿರುವಾಗ ಆ ಅಕ್ಕ ಯಾವ ಲೆಕ್ಕವನ್ನು ನೆನೆಯುತ್ತಿದ್ದಾಳೆ ಎಂಬುದು ನಿಮಗೆ ಅದರಿಂದ ತಿಳಿಯುತ್ತದೆ. ಅಲ್ಲಿಂದ ಮುಂದಿನ ಹತ್ತು ಪುಟ ಬರೆದು ನನಗೆ ಕಳುಹಿಸಿ, ಪೆನ್ಸಿಲ್ ಹಿಡಿದೇ ಓದುತ್ತೇನೆ.